ಎರೆ ನೆಲದ ಮೇಲೆ ಕಟ್ಟಿಗೆ ಕೋಣೆ: ಹಿತ್ತಲಲ್ಲಿ ನೀವೇ ಕಟ್ಟಲು ಸಮಗ್ರ ಮಾರ್ಗದರ್ಶಿ

ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆಯಿಂದ ಬರುವ ದೂರುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ತೋಟದಲ್ಲೋ ಹಿತ್ತಲಲ್ಲೋ ಆಸೆಪಟ್ಟು ಕಟ್ಟಿಗೆ ಕೋಣೆ ಕಟ್ಟಿರುತ್ತಾರೆ. ಮೊದಲ ಮಳೆಗಾಲಕ್ಕೆ ಬಾಗಿಲು ಹಿಡಿದುಕೊಳ್ಳುತ್ತದೆ. ಮುಂದಿನ ಬೇಸಿಗೆಗೆ ಹಲಗೆಗಳ ನಡುವೆ ಬೆಳಕು ಕಾಣುತ್ತದೆ. ಎರಡನೇ ವರ್ಷ ಕೆಳಗಿನ ಹಲಗೆಗೆ ಗೆದ್ದಲು ಹತ್ತಿರುತ್ತದೆ. ಕಟ್ಟಿಗೆ ಸರಿ ಇರಲಿಲ್ಲ, ಬಡಗಿ ಸರಿ ಇರಲಿಲ್ಲ ಎಂದು ಬೈಯುತ್ತಾರೆ. ನಾನು ಹೋಗಿ ನೋಡಿದ ಕಡೆಯಲ್ಲೆಲ್ಲ ತಪ್ಪಿದ್ದದ್ದು ಕೆಲಸದ ಕ್ರಮ. ಗೋಡೆಯಿಂದ ಶುರು ಮಾಡಿರುತ್ತಾರೆ, ನೆಲದ ಯೋಚನೆ ಆಮೇಲೆ ಬಂದಿರುತ್ತದೆ.

ನನ್ನ ಮೊದಲ ಕೋಣೆಯೂ ಹಾಗೇ ಹಾಳಾಯಿತು. ಗಂಗಾವತಿ ಹತ್ತಿರದ ಎರೆ (ನೆನೆದರೆ ಉಬ್ಬಿ, ಒಣಗಿದರೆ ಕುಗ್ಗುವ ಕರಿ ಮಣ್ಣು) ಹೊಲದ ಬದಿಯಲ್ಲಿ ನಾಲ್ಕು ಇಂಚು ಕಾಂಕ್ರೀಟ್ ಹಾಸಿ ಅದರ ಮೇಲೆ ಗೋಡೆ ಏರಿಸಿದ್ದೆ. ಆಗಸ್ಟ್ ಹೊತ್ತಿಗೆ ಒಂದು ಮೂಲೆ ಹೆಬ್ಬೆರಳಿನ ದಪ್ಪದಷ್ಟು ಎದ್ದಿತ್ತು. ಬಾಗಿಲ ಮೇಲ್ತುದಿಯಲ್ಲಿ ಒಂದು ಕಡೆ ಕೈ ಹೋಗುವಷ್ಟು ಸಂದು, ಇನ್ನೊಂದು ಕಡೆ ಕಾಗದವೂ ಹೋಗದಷ್ಟು ಬಿಗಿ. ನೋಡಲು ಬಂದ ಹಿರಿಯ ಗೌಂಡಿಯೊಬ್ಬರು, "ಎರಿ ಉಸಿರಾಡ್ತೈತ್ರಿ ಸರ, ಅದರ ಎದಿ ಮ್ಯಾಲೆ ಕಲ್ಲು ಇಟ್ಟರ ಸುಮ್ನ ಇರತೈತೇನು?" ಅಂದರು. ಈ ಮಾರ್ಗದರ್ಶಿಯಲ್ಲಿರುವ ಪಾಯದ ವಿಧಾನ ಹುಟ್ಟಿದ್ದು ಆ ಮಾತಿನಿಂದ.

ಇಲ್ಲಿ ಲೆಕ್ಕಕ್ಕೆ ಹಿಡಿದಿರುವುದು 10 ಅಡಿ ಅಗಲ, 12 ಅಡಿ ಉದ್ದ, ಏಳೂವರೆ ಅಡಿ ಎತ್ತರದ ಗೋಡೆಯ, ಮೂಲೆಯಲ್ಲಿ ಹಲಗೆಗಳು ಒಂದನ್ನೊಂದು ಕಚ್ಚಿಕೊಳ್ಳುವ ಕೋಣೆ. ಇಬ್ಬರು ಸೇರಿದರೆ ಕಟ್ಟಬಹುದು.

ಶುರು ಮಾಡುವ ಮುಂಚೆ: ತಿಂಗಳ ಲೆಕ್ಕ

ಕಟ್ಟಿಗೆಯನ್ನು ನವೆಂಬರ್–ಡಿಸೆಂಬರ್‌ನಲ್ಲಿ ತಂದು ಒಣಗಲು ಪೇರಿಸಿ. ಪಾಯ ಮಾರ್ಚ್‌ನಲ್ಲಿ, ಎರೆ ಪೂರ್ತಿ ಒಣಗಿ ಬಿರುಕು ಬಿಟ್ಟಾಗ ಆಗಬೇಕು. ಗೋಡೆ ಏಪ್ರಿಲ್‌ನಲ್ಲಿ ಏಳಲಿ. ಮೇ ಮೊದಲ ವಾರದೊಳಗೆ ಚಾವಣಿ ಕೂತಿರಬೇಕು, ಏಕೆಂದರೆ ಮುಂಗಾರಿಗೆ ಮುಂಚಿನ ಗುಡುಗು–ಗಾಳಿ ಅರ್ಧ ಕಟ್ಟಿದ ಕೋಣೆಯನ್ನು ಬಿಡುವುದಿಲ್ಲ. ಜೂನ್‌ನಲ್ಲಿ ಪಾಯ ತೋಡುತ್ತೇನೆ ಅನ್ನುವವರು ಇನ್ನೊಂದು ವರ್ಷ ಕಾಯುವುದು ಲೇಸು.

ನಗರಸಭೆ ಅಥವಾ ಗ್ರಾಮ ಪಂಚಾಯಿತಿಯಲ್ಲಿ ಅನುಮತಿ ಬೇಕೇ ಎಂದು ಈ ಹಂತದಲ್ಲೇ ಕೇಳಿಕೊಳ್ಳಿ. ವಿದ್ಯುತ್ ತಂತಿಯ ಕೆಳಗೆ ಕಟ್ಟಲೇಬೇಡಿ.

ಬೇಕಾಗುವ ಸಾಮಾನು: ಹಾರೆ, ಸಲಿಕೆ, ದಮ್ಮಸು ಮಾಡುವ ಕಬ್ಬಿಣದ ಗುದ್ದು, 40 ಅಡಿ ಪಾರದರ್ಶಕ ನೀರಿನ ಪೈಪು, ತೂಗುಗುಂಡು, ಮೂಲೆಮಟ್ಟ, ಟೇಪು, ದಾರ, ಕೈಗರಗಸ, ವಿದ್ಯುತ್ ಗರಗಸ, ಒಂದೂವರೆ ಇಂಚಿನ ಉಳಿ, ಕಟ್ಟಿಗೆಯ ಕೊಡತಿ, ಡ್ರಿಲ್, ಎರಡು ಸ್ಪಾನರ್. ಇದರಲ್ಲಿ ಯಾವುದನ್ನು ಬಿಟ್ಟರೂ ನೀರಿನ ಪೈಪನ್ನು ಮಾತ್ರ ಬಿಡಬೇಡಿ. ಎರಡು ಅಡಿಯ ಮಟ್ಟಗೋಲು 12 ಅಡಿಯ ಪಾಯಕ್ಕೆ ಸಾಕಾಗುವುದಿಲ್ಲ. ನೀರು ತುಂಬಿದ ಪೈಪಿನ ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ, ಒಳಗೆ ಗುಳ್ಳೆ ಇಲ್ಲದಿದ್ದರೆ ಅದು ಸುಳ್ಳು ಹೇಳುವುದಿಲ್ಲ.

ಹಂತ 1: ಕಾಲ ಕೆಳಗಿನ ಮಣ್ಣು ಯಾವುದು?

ರಾಯಚೂರು, ಕೊಪ್ಪಳ, ಬಳ್ಳಾರಿ, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಎರೆಯೂ ಇದೆ, ಮಸಾರಿಯೂ (ಕೆಂಪು ಮಣ್ಣು) ಇದೆ. ಒಂದೇ ಹೊಲದಲ್ಲಿ ಎರಡೂ ಇರುವುದುಂಟು. ಬಣ್ಣ ನೋಡಿ ತೀರ್ಮಾನಿಸಬೇಡಿ. ಮೇಲೆ ಕೆಂಪಾಗಿದ್ದು ಎರಡು ಅಡಿ ಕೆಳಗೆ ಕರಿ ಎರೆ ಸಿಕ್ಕ ಜಾಗಗಳನ್ನು ನೋಡಿದ್ದೇನೆ.

ಮೂರು ಅಡಿ ಆಳದ ಗುಂಡಿ ತೋಡಿ, ಅಡಿಯ ಮಣ್ಣನ್ನು ಒಣಗಿಸಿ ಪುಡಿ ಮಾಡಿ, ಮೈದಾ ಸೋಸುವ ಸಣ್ಣ ಜರಡಿಯಲ್ಲಿ ಸೋಸಿ. ಎರಡು 100 ಮಿಲಿ ಅಳತೆ ಗಾಜು ತೆಗೆದುಕೊಳ್ಳಿ. ಎರಡಕ್ಕೂ 10 ಮಿಲಿ ಮಣ್ಣು ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಕಲಕಿ, ಗಾಳಿಗುಳ್ಳೆ ಹೋಗಲು ಬಿಟ್ಟು 24 ಗಂಟೆ ಇಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನಲ್ಲಿ ಅದು 16 ಮಿಲಿಗೆ ಏರಿ, ಸೀಮೆಎಣ್ಣೆಯಲ್ಲಿ 10ರಲ್ಲೇ ನಿಂತರೆ ಉಬ್ಬುವಿಕೆ ಶೇ 60. ಶೇ 20ರ ಒಳಗಿದ್ದರೆ ಸಾಮಾನ್ಯ ಕಲ್ಲಿನ ಪಾಯ ನಡೆಯುತ್ತದೆ. ಶೇ 50 ದಾಟಿದರೆ ಅದು ಅಪ್ಪಟ ಎರೆ, ಮುಂದಿನ ಹಂತಗಳಲ್ಲಿ ಒಂದನ್ನೂ ಬಿಡುವ ಹಾಗಿಲ್ಲ.

ಜಾಗ ಆರಿಸುವಾಗ ಬೇವು, ಹುಣಸೆಯಂಥ ದೊಡ್ಡ ಮರದಿಂದ ಕನಿಷ್ಠ 15 ಅಡಿ ದೂರ ಇರಿ. ನೆರಳು ಬೇಕೆಂದು ಬುಡಕ್ಕೇ ಹೋಗಿ ಕಟ್ಟಿದರೆ ಬೇರು ಒಂದು ಬದಿಯ ತೇವವನ್ನೆಲ್ಲ ಹೀರುತ್ತದೆ, ಆ ಬದಿ ಕುಸಿಯುತ್ತದೆ. ಬಚ್ಚಲ ನೀರು ಹರಿಯುವ ಕಡೆಯೂ ಬೇಡ.

ಹಂತ 2: ಕಟ್ಟಿಗೆ ಕೊಳ್ಳುವುದು, ಒಣಗಿಸುವುದು

ಒಂದೂವರೆ ಇಂಚು ದಪ್ಪ, ಐದು ಇಂಚು ಅಗಲದ ಹಲಗೆ ಹಿಡಿಯಿರಿ. ನಾಲಿಗೆ–ಗಾಡಿ (ಒಂದು ಹಲಗೆಯ ಅಂಚಿನ ಉಬ್ಬು ನಾಲಿಗೆ, ಅದು ಕೂರುವ ಇನ್ನೊಂದು ಹಲಗೆಯ ಸೀಳು ಗಾಡಿ) ಕೊರೆದ ಮೇಲೆ ಅದು ಮುಚ್ಚುವುದು ನಾಲ್ಕೂವರೆ ಇಂಚು. ಏಳೂವರೆ ಅಡಿಗೆ ಸರಿಯಾಗಿ 20 ಸಾಲು. ಗೋಡೆ, ಮೇಲಿನ ತ್ರಿಕೋನ ಸೇರಿ ಬಾಗಿಲು–ಕಿಟಕಿ ಕಳೆದರೆ ಸುಮಾರು 312 ಚದರ ಅಡಿ. ಅದಕ್ಕೆ 39 ಘನ ಅಡಿ ಕಟ್ಟಿಗೆ. ನಾಲಿಗೆಯಲ್ಲಿ ಹೋಗುವುದು, ಮೂಲೆಯಿಂದ ಆರಾರು ಇಂಚು ಹೊರಗೆ ಚಾಚುವುದು, ಕತ್ತರಿಸಿ ಎಸೆಯುವುದು ಎಲ್ಲ ಸೇರಿ 50ರಿಂದ 55 ಘನ ಅಡಿ ಹಲಗೆಗೇ ಬೇಕು. ಚಾವಣಿಯ ತೊಲೆ, ಜಂತಿ ಬೇರೆ. ಬಹಳ ಜನ 40 ಘನ ಅಡಿ ತಂದು, ಉಳಿದದ್ದನ್ನು ನಡುವೆ ಇನ್ನೊಂದು ಡಿಪೋದಿಂದ ತರುತ್ತಾರೆ. ಎರಡು ತೇವದ ಕಟ್ಟಿಗೆ ಒಂದೇ ಗೋಡೆಯಲ್ಲಿ ಕೂತರೆ ಸಂದು ಗ್ಯಾರಂಟಿ.

ಸಾಗುವಾನಿ, ಮತ್ತಿ ಮರದ ಚೇಗಿಗೆ (ಮರದ ನಡುವಿನ ಗಟ್ಟಿ ಕಟ್ಟಿಗೆ) ಗೆದ್ದಲು ಸುಲಭಕ್ಕೆ ಬಾಯಿ ಹಾಕುವುದಿಲ್ಲ, ಆದರೆ ಹಲಗೆಯ ಅಂಚಿನಲ್ಲಿ ಬಿಳಿ ಕಟ್ಟಿಗೆ ಇದ್ದರೆ ಅದನ್ನು ತಿನ್ನುತ್ತದೆ. ಸಿಲ್ವರ್ ಓಕ್, ನೀಲಗಿರಿ ಅಗ್ಗ, ಆದರೆ ಔಷಧಿ ಕುಡಿಸದೆ ಬಳಸಬೇಡಿ. ಬೇವು ನಮ್ಮಲ್ಲೇ ಸಿಗುತ್ತದೆ, 12 ಅಡಿಯ ನೆಟ್ಟನೆಯ ಹಲಗೆ ಮಾತ್ರ ಸಿಗುವುದು ಕಷ್ಟ. ಸ್ವಂತ ಹೊಲದ ಮರ ಕಡಿಸುವುದಾದರೆ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ಖಾಸಗಿ ಜಮೀನಿನ ಮರಕ್ಕೂ ಅನ್ವಯಿಸುತ್ತದೆ. ಡಿಪೋದಲ್ಲಿ ಕೊಂಡರೆ ಬಿಲ್ ತೆಗೆದುಕೊಂಡು ಜೋಪಾನ ಮಾಡಿ.

ಔಷಧಿಗೆ ಒಂದೂವರೆ ಕಿಲೋ ಬೋರಾಕ್ಸ್, ಒಂದು ಕಿಲೋ ಬೋರಿಕ್ ಆಮ್ಲವನ್ನು 25 ಲೀಟರ್ ಬಿಸಿ ನೀರಿನಲ್ಲಿ ಕರಗಿಸಿ. ಹಲಗೆ ಹಸಿ ಇರುವಾಗಲೇ, ಅಂದರೆ ಸಾ ಮಿಲ್‌ನಿಂದ ಬಂದ ವಾರದೊಳಗೆ ಅದರಲ್ಲಿ ಅದ್ದಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಮೂರು ನಾಲ್ಕು ವಾರ ಇಡಿ. ಕಟ್ಟಿಗೆಯೊಳಗಿನ ತೇವವೇ ಔಷಧಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಒಣಗಿಸಿದ ಮೇಲೆ ಬ್ರಷ್‌ನಲ್ಲಿ ಬಳಿದರೆ ಅದು ಚರ್ಮದಲ್ಲೇ ಉಳಿಯುತ್ತದೆ. ಈ ಔಷಧಿ ಮಳೆನೀರಿಗೆ ತೊಳೆದು ಹೋಗುವಂಥದ್ದು, ಆದ್ದರಿಂದ ಮೇಲೆ ಎಣ್ಣೆಯ ಲೇಪ ಬೇಕೇ ಬೇಕು. ಅದು ಹಂತ 5ರಲ್ಲಿ.

ಆಮೇಲೆ ಒಣಗಿಸುವುದು. ಮಾಳಿಗೆ ಮೇಲೆ ಬಿಸಿಲಿಗೆ ಹರಡುವುದು ನಾನು ಅತಿ ಹೆಚ್ಚು ಕಂಡ ತಪ್ಪು. ಬಳ್ಳಾರಿ, ರಾಯಚೂರಿನ 40 ಡಿಗ್ರಿ ಬಿಸಿಲಿನಲ್ಲಿ ಹಲಗೆಯ ಮೇಲ್ಮೈ ಒಣಗಿ, ಒಳಗೆ ಹಸಿ ಉಳಿದು, ನಾಲ್ಕೇ ದಿನಕ್ಕೆ ಅದು ದೋಣಿಯ ಹಾಗೆ ಬಾಗುತ್ತದೆ. ನೆರಳಿನಲ್ಲಿ, ಗಾಳಿ ಆಡುವ ಕಡೆ, ನೆಲದಿಂದ ಒಂದು ಅಡಿ ಮೇಲೆ ಪೇರಿಸಿ. ಪ್ರತಿ ಸಾಲಿನ ನಡುವೆ ಒಂದು ಇಂಚಿನ ರೀಪು, ಎರಡೆರಡು ಅಡಿಗೆ ಒಂದರಂತೆ, ಕೆಳಗಿನ ರೀಪಿನ ನೇರಕ್ಕೆ ಮೇಲಿನ ರೀಪು ಬರುವಂತೆ ಇಡಿ. ಹಲಗೆಯ ಎರಡೂ ತುದಿಗೆ ಬಣ್ಣ ಅಥವಾ ಮೇಣ ಹಚ್ಚಿ, ಇಲ್ಲದಿದ್ದರೆ ತುದಿ ಸೀಳುತ್ತದೆ.

ಒಣಗಿತೇ ಎಂದು ತಿಳಿಯಲು ತೇವಮಾಪಕ ಇಲ್ಲದಿದ್ದರೂ ಆಗುತ್ತದೆ. ಹಲಗೆಯ ತುದಿಯಿಂದಲ್ಲದೆ ನಡುವಿನಿಂದ ಒಂದು ಇಂಚಿನ ತುಂಡು ಕೊಯ್ದು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಓವನ್‌ನಲ್ಲಿ 103 ಡಿಗ್ರಿಗೆ ಇಟ್ಟು, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ. 115 ಗ್ರಾಂ ಇದ್ದದ್ದು 100 ಗ್ರಾಂಗೆ ನಿಂತರೆ ತೇವ ಶೇ 15. ಶೇ 12ರ ಒಳಗೆ ಬರುವ ತನಕ ಗೋಡೆಗೆ ಮುಟ್ಟಬೇಡಿ. ಏಪ್ರಿಲ್ ಬಂದರೂ ಇಳಿಯದಿದ್ದರೆ ಕಟ್ಟುವುದನ್ನು ಮುಂದೂಡಿ. ಈ ವಿಷಯದಲ್ಲಿ ನನ್ನದು ಹಟದ ಮಾತೇ.

ಹಂತ 3: ಮೇಲೆ ಕೆಳಗೆ ಮಾಡಬಹುದಾದ ಪಾಯ

ಕಟ್ಟಿಗೆ ಕೋಣೆ ಹಗುರ. ಕಲ್ಲಿನ ಮನೆಯ ಭಾರವಾದರೂ ಎರೆಯನ್ನು ಸ್ವಲ್ಪ ಅದುಮುತ್ತದೆ, ಇದಕ್ಕೆ ಆ ಶಕ್ತಿಯಿಲ್ಲ. ಆದ್ದರಿಂದ ಎರೆಯ ಜೊತೆ ಕುಸ್ತಿ ಬೇಡ. ಅದು ಏಳುವುದಾದರೆ ಏಳಲಿ, ನಾವು ನಟ್ಟು ತಿರುಗಿಸಿ ಮತ್ತೆ ಮಟ್ಟ ಮಾಡಿಕೊಳ್ಳೋಣ ಅನ್ನುವುದು ಈ ಪಾಯದ ತತ್ವ.

12 ಗುಂಡಿ ಬೇಕು: 12 ಅಡಿಯ ಮೂರು ಸಾಲು, ಪ್ರತಿ ಸಾಲಿನಲ್ಲಿ ನಾಲ್ಕು ಅಡಿಗೊಂದರಂತೆ ನಾಲ್ಕು. ಸಾಲಿನಿಂದ ಸಾಲಿಗೆ ಐದು ಅಡಿ. ಪ್ರತಿ ಗುಂಡಿ ಎರಡು ಅಡಿ ಚೌಕ, ಮೂರು ಅಡಿ ಆಳ. ಮೊದಲು ಹಂತ 4ರಲ್ಲಿ ಹೇಳಿರುವ ಗೆದ್ದಲಿನ ಔಷಧಿ ಹಾಕಿ, ಆಮೇಲೆ ಕೆಳಗಿನ ಎರಡು ಅಡಿಗೆ ಗರಸು (ಮೊರಂ) ತುಂಬಿ. ಒಮ್ಮೆಲೇ ಸುರಿಯಬೇಡಿ. ಆರು ಇಂಚು ಹಾಕಿ, ನೀರು ಚಿಮುಕಿಸಿ, ದಮ್ಮಸು ಮಾಡಿ, ಆಮೇಲೆ ಮುಂದಿನ ಆರು ಇಂಚು. ಸರಿಯಾಗಿ ಕೂತ ಗರಸಿನ ಮೇಲೆ ಹಿಮ್ಮಡಿ ಊರಿ ತಿರುಗಿದರೆ ಗುರುತು ಬೀಳಬಾರದು. ಗರಸು ಸಿಗಲಿಲ್ಲ ಎಂದು ಉಸುಕು ತುಂಬುವವರಿದ್ದಾರೆ. ಸುತ್ತ ಎರೆ, ನಡುವೆ ಉಸುಕು ಅಂದರೆ ಅದು ಬಾವಿಯಾಗುತ್ತದೆ. ಮಳೆನೀರೆಲ್ಲ ಅಲ್ಲೇ ನಿಂತು ಅಡಿಯ ಎರೆಯನ್ನು ಉಬ್ಬಿಸುತ್ತದೆ.

ಗರಸಿನ ಮೇಲೆ ಆರು ಇಂಚು ಕಾಂಕ್ರೀಟ್. ಅದರ ಮೇಲೆ ಒಂಬತ್ತು ಇಂಚು ಚೌಕದ, ಒಳಗೆ ನಾಲ್ಕು ಕಬ್ಬಿಣದ ಸರಳಿರುವ ಗಿಡ್ಡ ಕಂಬ, ನೆಲದಿಂದ ಒಂದೂವರೆ ಅಡಿ ಮೇಲೆ ಬರುವಂತೆ. ಕಂಬದ ನಡುವೆ 20 ಮಿಮೀ ದಪ್ಪದ, ಪೂರ್ತಿ ಮರೆಯಿರುವ (ನಟ್ಟು ತಿರುಗುವ ಗೆರೆಯಿರುವ) ಸರಳನ್ನು ಒಂದು ಅಡಿ ಒಳಗೆ ಹೂತು, ಎಂಟು ಇಂಚು ಮೇಲೆ ಬಿಡಿ. ಹೂಳುವ ತುದಿ ಕೊಕ್ಕೆಯಂತೆ ಬಾಗಿರಲಿ, ಗಾಳಿ ಎಳೆದರೂ ಕಿತ್ತು ಬರಬಾರದು. ಕಾಂಕ್ರೀಟ್ ಹಾಕುವಾಗ ಮರೆಗೆ ಗ್ರೀಸ್ ಬಳಿದು ಪ್ಲಾಸ್ಟಿಕ್ ಸುತ್ತಿ. ಹೀಗೆ ಮಾಡದೆ ಸಿಮೆಂಟ್ ಮೆತ್ತಿದ 12 ಸರಳನ್ನು ಉಳಿಯಿಂದ ಕೆತ್ತಿ ಕೂತ ದಿನ ನನಗಿನ್ನೂ ನೆನಪಿದೆ.

ಕಂಬಕ್ಕೆ ಏಳು ದಿನವಾದರೂ ಗೋಣಿಚೀಲ ಸುತ್ತಿ ನೀರುಣಿಸಿ. ಆದರೆ ನೀರು ಗುಂಡಿಗೆ ಇಳಿಯದಂತೆ ಚೀಲವನ್ನಷ್ಟೇ ಒದ್ದೆ ಮಾಡಿ. ಪೈಪು ಹಿಡಿದು ಬಿಡುವುದು ಎರೆಯಲ್ಲಿ ಅಪಾಯ.

ಕೊನೆಗೆ ಕೋಣೆಯ ಸುತ್ತ ಮೂರು ಅಡಿ ಅಗಲಕ್ಕೆ ಫರ್ಸಿ ಕಲ್ಲು ಹಾಸಿ, ಹೊರಕ್ಕೆ ಇಳಿಜಾರು ಕೊಡಿ, ಸಂದಿಗೆ ಸಿಮೆಂಟ್ ತುಂಬಿ. ಇದು ಅಂದಕ್ಕೆಂದು ಮಾಡುವ ಕೆಲಸವೆಂದು ತಿಳಿದು ಕೊನೆಗೆ ತಳ್ಳಿ ಬಿಟ್ಟುಬಿಡುತ್ತಾರೆ. ಚಾವಣಿಯ ನೀರು ಕಂಬದ ಬುಡಕ್ಕೆ ಇಳಿಯದಂತೆ ತಡೆಯುವುದು ಇದೇ. ಎರೆಯ ತೇವ ವರ್ಷವಿಡೀ ಒಂದೇ ಸಮ ಇದ್ದರೆ ಅದು ಅಷ್ಟಾಗಿ ಅಲುಗುವುದಿಲ್ಲ.

ಹಂತ 4: ಗೆದ್ದಲಿಗೆ ಎರಡು ಬೇಲಿ, ಆಮೇಲೆ ತೊಲೆ

ಮೊದಲ ಬೇಲಿ ಮಣ್ಣಿನಲ್ಲಿ, ಗರಸು ತುಂಬುವ ಮುಂಚೆ. ಗೊಬ್ಬರದ ಅಂಗಡಿಯಲ್ಲಿ ಸಿಗುವ ಕ್ಲೋರೋಪೈರಿಫಾಸ್ 20 ಇ.ಸಿ. ಒಂದು ಲೀಟರಿಗೆ 19 ಲೀಟರ್ ನೀರು ಬೆರೆಸಿದರೆ ಶೇ 1ರ ದ್ರಾವಣ. ಗುಂಡಿಯ ತಳಕ್ಕೆ ಚದರ ಮೀಟರಿಗೆ ಐದು ಲೀಟರ್ ಲೆಕ್ಕದಲ್ಲಿ ಹಾಕಿ, ಗೋಡೆಗಳಿಗೂ ಸಿಂಪಡಿಸಿ. ಕೈಗವಸು, ಮುಖಗವಸು, ಪೂರ್ತಿ ತೋಳಿನ ಅಂಗಿ ಬೇಕು. ಮಕ್ಕಳು, ದನಕರು ದೂರ ಇರಲಿ. ಬಾವಿ, ಬೋರ್‌ವೆಲ್, ಕಾಲುವೆಯ ಪಕ್ಕದಲ್ಲಾದರೆ ಈ ವಿಷವನ್ನು ಬಿಟ್ಟು ಎರಡನೇ ಬೇಲಿಯನ್ನೇ ನಂಬಿ.

ಎರಡನೇ ಬೇಲಿ ತಗಡಿನ ಟೋಪಿ. ಪ್ರತಿ ಕಂಬದ ತಲೆಗೆ ಸತುವಿನ ತಗಡನ್ನು ಕಂಬಕ್ಕಿಂತ ಎರಡು ಇಂಚು ಹೊರಗೆ ಬರುವಂತೆ ಹೊಂದಿಸಿ, ಅಂಚನ್ನು ಕೆಳಕ್ಕೆ ಓರೆಯಾಗಿ ಬಗ್ಗಿಸಿ. ಸರಳು ತೂರುವ ತೂತಿನ ಸುತ್ತ ಡಾಂಬರು ಹಚ್ಚಿ. ಟೋಪಿ ಗೆದ್ದಲನ್ನು ಕೊಲ್ಲುವುದಿಲ್ಲ. ಆದರೆ ಗೆದ್ದಲು ಮೇಲೆ ಹೋಗಬೇಕಾದರೆ ಟೋಪಿಯ ಅಂಚನ್ನು ಬಳಸಿ ನಿಮ್ಮ ಕಣ್ಣಿಗೆ ಕಾಣುವಂತೆ ಮಣ್ಣಿನ ಗೆರೆ ಕಟ್ಟಲೇಬೇಕಾಗುತ್ತದೆ. ನೆಲದಿಂದ ಒಂದೂವರೆ ಅಡಿ ಎತ್ತರ ಇಟ್ಟದ್ದು ಇದಕ್ಕೇ. ಟಾರ್ಚ್ ಹಿಡಿದು ಬಗ್ಗಿದರೆ 12 ಕಂಬವೂ ಕಾಣಬೇಕು. ಆ ಖಾಲಿ ಜಾಗದಲ್ಲಿ ಸೌದೆ, ಹಳೆ ಹಲಗೆ, ಗೋಣಿಚೀಲ ಏನನ್ನೂ ತುರುಕಬೇಡಿ.

ಇನ್ನು ತೊಲೆ. ಕೆಳಗಿನ ಮೂರು ತೊಲೆ ಕಬ್ಬಿಣದ್ದೇ ಇರಲಿ ಎಂಬುದು ನನ್ನ ಸಲಹೆ. ಮೂರು ಇಂಚಿನ ಎರಡು ಸಿ–ಚಾನೆಲ್‌ಗಳನ್ನು ಬೆನ್ನಿಗೆ ಬೆನ್ನು ಕೊಟ್ಟು, ನಡುವೆ ಒಂದು ಇಂಚು ಸಂದು ಬಿಟ್ಟು ಬೆಸುಗೆ ಹಾಕಿಸಿ, ರೆಡ್ ಆಕ್ಸೈಡ್ ಬಳಿಯಿರಿ. ಕಂಬದ ಸರಳು ಆ ಸಂದಿನಲ್ಲಿ ತೂರುತ್ತದೆ. ತೊಲೆಯ ಕೆಳಗೊಂದು ನಟ್ಟು ಮತ್ತು ಅಗಲದ ಪಟ್ಟಿ, ಮೇಲೊಂದು ಪಟ್ಟಿ ಮತ್ತು ನಟ್ಟು. ಕೆಳಗಿನ ನಟ್ಟು ತಿರುಗಿಸಿದರೆ ತೊಲೆ ಏರುತ್ತದೆ, ಇಳಿಯುತ್ತದೆ. ಮೇಲಿನದು ಗಾಳಿಗೆ ಎದ್ದು ಹೋಗದಂತೆ ಹಿಡಿಯುತ್ತದೆ.

ನೀರಿನ ಪೈಪಿನಿಂದ 12 ಕಡೆಯೂ ಮಟ್ಟ ನೋಡಿ. ನಂತರ ಕರ್ಣ ಅಳೆಯಿರಿ. 10 ಅಡಿ, 12 ಅಡಿಯ ಚೌಕಟ್ಟಿಗೆ ಎರಡೂ ಕರ್ಣ 15 ಅಡಿ ಏಳೂವರೆ ಇಂಚು ಬರಬೇಕು. ಎರಡರ ನಡುವೆ ಕಾಲು ಇಂಚಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮುಂದೆ ಹೋಗಬೇಡಿ. ಇಲ್ಲಿನ ಕಾಲು ಇಂಚು ಚಾವಣಿ ಮುಟ್ಟುವ ಹೊತ್ತಿಗೆ ಒಂದು ಇಂಚಾಗಿ ನಿಮ್ಮನ್ನು ಕಾಡುತ್ತದೆ.

ಹಂತ 5: ಹಲಗೆಗೆ ಕಚ್ಚು, ಲೇಪ

ನಾಲಿಗೆ–ಗಾಡಿಯನ್ನು ಮಿಲ್‌ನಲ್ಲೇ ಕೊರೆಸಿ. ಮೂಲೆಯ ಕಚ್ಚು ನೀವೇ ಹಾಕಬಹುದು. ಹಲಗೆಯ ತುದಿಯಿಂದ ಆರು ಇಂಚು ಒಳಗೆ, ಮೇಲಿನಿಂದ ಒಂದು, ಕೆಳಗಿನಿಂದ ಒಂದು. ಅಗಲ ಹಲಗೆಯ ದಪ್ಪಕ್ಕಿಂತ ಒಂದು ಮಿಮೀ ಹೆಚ್ಚು. ಆಳ ಹಲಗೆ ಮುಚ್ಚುವ ಎತ್ತರದ ಕಾಲು ಭಾಗ: ನಾಲ್ಕೂವರೆ ಇಂಚಿಗೆ ಒಂದು ಇಂಚು ಒಂದು ದಾರ (ದಾರ ಅಂದರೆ ಇಂಚಿನ ಎಂಟನೇ ಒಂದು ಭಾಗ). ಎದುರುಬದುರಾದ ಎರಡು ಗೋಡೆಗಳು ಪೂರ್ತಿ ಹಲಗೆಯಿಂದ, ಇನ್ನೆರಡು ಅರ್ಧ ಸೀಳಿದ ಹಲಗೆಯಿಂದ ಶುರುವಾಗಬೇಕು. ಆಗ ಕಚ್ಚುಗಳು ಒಂದರೊಳಗೊಂದು ಬಿಗಿಯುತ್ತವೆ.

ಪ್ಲೈವುಡ್‌ನಲ್ಲಿ ಒಂದು ಅಚ್ಚು ಮಾಡಿಕೊಂಡು ಎಂಟು ಹಲಗೆಗೆ ಮಾತ್ರ ಮೊದಲು ಕಚ್ಚು ಹಾಕಿ, ನೆಲದ ಮೇಲೆ ಎರಡು ಸುತ್ತು ಜೋಡಿಸಿ ನೋಡಿ. ಕೈಯ ಒತ್ತಡಕ್ಕೆ ಅರ್ಧ ಇಳಿದು, ಕೊಡತಿಯ ಎರಡು ಏಟಿಗೆ ಪೂರ್ತಿ ಕೂತರೆ ಸರಿ. ಸುತ್ತಿಗೆಯಿಂದ ಬಡಿಯಬೇಕಾದರೆ ಮಳೆಗಾಲದಲ್ಲಿ ಮೂಲೆ ಸೀಳುತ್ತದೆ.

ಲೇಪವನ್ನು ಜೋಡಿಸುವ ಮುಂಚೆಯೇ ಹಚ್ಚಬೇಕು. ಎಲ್ಲ ಮೈಗೂ, ನಾಲಿಗೆಗೂ, ಗಾಡಿಯ ಒಳಗೂ. ತುದಿಗಳಿಗೆ ಮೂರು ಸಲ. ಗೋಡೆ ನಿಲ್ಲಿಸಿದ ಮೇಲೆ ಬಳಿದವರ ಕೋಣೆಗೆ ಮಾರ್ಚ್‌ನಲ್ಲಿ ಹೋಗಿ ನೋಡಿ: ಹಲಗೆ ಕುಗ್ಗಿ, ಪ್ರತಿ ಎರಡು ಸಾಲಿನ ನಡುವೆ ಬಣ್ಣ ಕಾಣದ ನಾಲಿಗೆ ಬೆಳ್ಳಗೆ ಗೆರೆ ಎಳೆದಂತೆ ಇಣುಕುತ್ತಿರುತ್ತದೆ. ಆ ಬಿಳಿ ಗೆರೆಯಿಂದಲೇ ನೀರೂ ಇಳಿಯುತ್ತದೆ. ಹೊರಗೆ ಮಾತ್ರ ಹಚ್ಚಿ ಒಳಗೆ ಬಿಡುವುದೂ ತಪ್ಪು, ಹಲಗೆ ಒಂದು ಕಡೆಗೆ ಬಾಗುತ್ತದೆ. ಬೇಯಿಸಿದ ಅಗಸೆ ಎಣ್ಣೆಯ ಮೇಲೆ ಬಿಸಿಲು ತಡೆಯುವ ವುಡ್ ಸ್ಟೇನ್ ಹಚ್ಚಿ. ಫಳಫಳ ಹೊಳೆಯುವ ವಾರ್ನಿಷ್ ನಮ್ಮ ಬಿಸಿಲಿಗೆ ಎರಡು ಬೇಸಿಗೆಯಲ್ಲಿ ಸಿಪ್ಪೆ ಏಳುತ್ತದೆ. ಒಂದು ಎಚ್ಚರ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗೇ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಹಂತ 6: ಗೋಡೆ ಏರಿಸುವುದು

ನಾಲಿಗೆ ಯಾವಾಗಲೂ ಮೇಲಕ್ಕೆ. ಗಾಡಿ ಮೇಲಿದ್ದರೆ ಅದರಲ್ಲಿ ನೀರು ನಿಲ್ಲುತ್ತದೆ. ಮೊದಲ ಸುತ್ತನ್ನು ಮಾತ್ರ ತೊಲೆಗೆ ಬೋಲ್ಟ್ ಹಾಕಿ. ಅದರ ಮೇಲಿನ ಯಾವ ಹಲಗೆಗೂ ಮೊಳೆಯಿಲ್ಲ, ಸ್ಕ್ರೂ ಇಲ್ಲ, ಅಂಟೂ ಇಲ್ಲ. ಬಡಿಯುವಾಗ ನಾಲಿಗೆಯ ಮೇಲೆ ಗಾಡಿಯಿರುವ ತುಂಡು ಹಲಗೆ ಇಟ್ಟು ಅದರ ಮೇಲೆ ಕೊಡತಿ ಹಾಕಿ. ನಾಲ್ಕು ಸಾಲಿಗೊಮ್ಮೆ ತೂಗುಗುಂಡು, ಕರ್ಣ ಎರಡನ್ನೂ ನೋಡಿ.

ಬಡಗಿಯನ್ನು ಕರೆದಿದ್ದರೆ ಅವರು ಇಲ್ಲಿ ಒಪ್ಪುವುದಿಲ್ಲ. ಗೋಡೆ ಅಲುಗುತ್ತದೆ ಎಂದು ಒಳಗಡೆ ಮೇಲಿಂದ ಕೆಳಕ್ಕೆ ಪಟ್ಟಿ ಇಟ್ಟು ಸ್ಕ್ರೂ ಜಡಿಯುತ್ತಾರೆ. ದಯವಿಟ್ಟು ತಡೆಯಿರಿ. ಕಟ್ಟಿಗೆ ಉದ್ದಕ್ಕೆ ಹೆಚ್ಚು ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ, ಹಿಗ್ಗುತ್ತದೆ. ಏಪ್ರಿಲ್‌ನ ಒಣ ಗಾಳಿಯಿಂದ ಆಗಸ್ಟ್‌ನ ತೇವಕ್ಕೆ ಏಳೂವರೆ ಅಡಿಯ ಗೋಡೆ ಒಂದು ಇಂಚಿಗೂ ಹೆಚ್ಚು ಏರಿಳಿಯಬಲ್ಲದು. ಅದನ್ನು ಪಟ್ಟಿಗೆ ಕಟ್ಟಿಹಾಕಿದರೆ ಹಲಗೆ ಸ್ಕ್ರೂ ಇರುವ ಕಡೆಯೇ ಸೀಳಿ ದಾರಿ ಮಾಡಿಕೊಳ್ಳುತ್ತದೆ.

ಗಾಳಿಗೆ ಗೋಡೆ ನಿಲ್ಲಲು ಬೇರೆ ಉಪಾಯವಿದೆ. ನಾಲ್ಕೂ ಮೂಲೆಯ ಪಕ್ಕದಲ್ಲಿ, ಕೋಣೆಯ ಒಳಗಡೆ, 12 ಮಿಮೀ ಮರೆಯ ಸರಳನ್ನು ಕೆಳಗಿನ ತೊಲೆಯಿಂದ ಅತಿ ಮೇಲಿನ ಹಲಗೆಯ ತನಕ ನಿಲ್ಲಿಸಿ. ಮೇಲೆ ದಪ್ಪ ಪಟ್ಟಿ, ನಟ್ಟು. ಕಟ್ಟಿದ ದಿನ ಕೈಯಿಂದ ಬಿಗಿದು, ಸ್ಪಾನರ್‌ನಲ್ಲಿ ಅರ್ಧ ಸುತ್ತು ಕೊಟ್ಟರೆ ಸಾಕು.

ಹಂತ 7: ಬಾಗಿಲು, ಕಿಟಕಿ

ಬಾಗಿಲ ಚೌಕಟ್ಟಿನ ಎರಡೂ ಬದಿಗೆ ಉದ್ದಕ್ಕೂ ಗಾಡಿ ಇರಲಿ, ಹಲಗೆಗಳ ತುದಿ ಅದರೊಳಗೆ ಸಡಿಲವಾಗಿ ಕೂರಲಿ. ಚೌಕಟ್ಟು ಕೆಳಗಿನ ಮೊದಲ ಹಲಗೆಗೆ ಮಾತ್ರ ಬಿಗಿದಿರಬೇಕು. ಮೇಲೆ ಎರಡು ಇಂಚು ಖಾಲಿ ಬಿಡಿ, ಅದರಲ್ಲಿ ಸೆಣಬು ಸಡಿಲವಾಗಿ ತುಂಬಿ, ಹೊರಗೆ ಒಂದು ಪಟ್ಟಿ ಮುಚ್ಚಿ. ಆ ಪಟ್ಟಿಯ ಮೊಳೆ ಮೇಲಿನ ಹಲಗೆಗೆ ಮಾತ್ರ ಬೀಳಲಿ, ಚೌಕಟ್ಟಿಗೆ ಬೇಡ. ಕಿಟಕಿಗೂ ಇದೇ ವಿಧಾನ.

ಈ ಎರಡು ಇಂಚನ್ನು ಕಂಡ ಮನೆಯವರು "ಇದೇನಿದು, ಇಷ್ಟು ಸಂದು ಬಿಟ್ಟೀರಿ" ಅನ್ನುತ್ತಾರೆ. ಸಿಮೆಂಟ್, ಪುಟ್ಟಿ, ಫೋಮ್ ಹಾಕಿ ಮುಚ್ಚಲು ಹೋಗಬೇಡಿ. ಬೇಸಿಗೆಯಲ್ಲಿ ಗೋಡೆ ಇಳಿದಾಗ ಅದರ ಭಾರವೆಲ್ಲ ಬಾಗಿಲ ಮೇಲೆ ಕೂರುತ್ತದೆ.

ಪಡುವಣ ಗೋಡೆಗೆ ಕಿಟಕಿ ಇಡಬೇಡಿ. ಮಧ್ಯಾಹ್ನ ಮೂರರ ಬಿಸಿಲನ್ನು ಒಳಕ್ಕೆ ಕರೆದಂತಾಗುತ್ತದೆ.

ಹಂತ 8: ಚಾವಣಿ

ನಡುವಿನ ಏಣು 12 ಅಡಿ ಉದ್ದಕ್ಕೆ ಬರಲಿ. ಐದು ಅಡಿಗೆ ಎರಡು ಅಡಿ ಏರಿಕೆ ಕೊಟ್ಟರೆ ತಗಡಿಗೆ ಧಾರಾಳ. ಮಂಗಳೂರು ಹೆಂಚು ಬೇಕೆನ್ನುವವರು ಇಳಿಜಾರು ಹೆಚ್ಚಿಸಬೇಕು, ತೊಲೆಯೂ ದಪ್ಪವಾಗಬೇಕು. ಸುತ್ತ ಎರಡು ಅಡಿ ಸೂರು ಚಾಚಲಿ. ಗೋಡೆಯನ್ನು ಮಳೆ, ಬಿಸಿಲು ಎರಡರಿಂದಲೂ ಯಾವ ಬಣ್ಣಕ್ಕಿಂತ ಚೆನ್ನಾಗಿ ಕಾಪಾಡುವುದು ಈ ಸೂರೇ.

ತಗಡನ್ನು ಪೂರ್ವದ ತುದಿಯಿಂದ ಹಾಸುತ್ತ ಪಶ್ಚಿಮಕ್ಕೆ ಬನ್ನಿ. ನಮ್ಮಲ್ಲಿ ಮುಂಗಾರಿನ ಗಾಳಿ ಪಶ್ಚಿಮ, ನೈಋತ್ಯದಿಂದ ಬರುತ್ತದೆ. ಹೀಗೆ ಹಾಸಿದರೆ ಜೋಡಣೆಯ ಬಾಯಿ ಗಾಳಿಗೆ ಬೆನ್ನು ಮಾಡಿರುತ್ತದೆ. ಅಲೆಯಾಕಾರದ ತಗಡಿಗೆ ಮೊಳೆ ಉಬ್ಬಿನ ಮೇಲೆ, ರಬ್ಬರ್ ವಾಷರ್ ಸಮೇತ. ತಗ್ಗಿಗೆ ಹೊಡೆದರೆ ನೀರು ಅಲ್ಲೇ ಇಳಿಯುತ್ತದೆ. ಅಂಚಿನ ಸಾಲಿಗೆ ಎರಡರಷ್ಟು ಮೊಳೆ ಬೇಕು, ಗಾಳಿ ತಗಡನ್ನು ಎತ್ತುವುದು ಅಂಚಿನಿಂದಲೇ.

ಬರೀ ತಗಡಿನ ಕೆಳಗೆ ಮೇ ತಿಂಗಳಲ್ಲಿ ಕೂರಲಾಗುವುದಿಲ್ಲ. ಒಳಗಡೆ ತೆಳು ಹಲಗೆಯ ಮುಚ್ಚಿಗೆ ಹಾಕಿ, ತಗಡಿಗೂ ಅದಕ್ಕೂ ನಡುವೆ ನಾಲ್ಕು ಇಂಚು ಗಾಳಿ ಬಿಡಿ. ಆ ಬಿಸಿ ಗಾಳಿ ಹೊರಹೋಗಲು ತ್ರಿಕೋನದ ಎರಡೂ ಕಡೆ ಜಾಲರಿ ಇಟ್ಟ ಕಿಂಡಿ ಬೇಕು. ತಗಡಿನ ಮೇಲೆ ಬಿಳಿ ಬಣ್ಣ ಬಳಿದರೆ ಇನ್ನಷ್ಟು ತಂಪು. ಮುಚ್ಚಿಗೆಯ ಮೇಲೆ ಭತ್ತದ ಹುಲ್ಲು ಹಾಸುವುದನ್ನು ಕಾರಟಗಿ ಕಡೆ ನೋಡಿದ್ದೇನೆ. ಬೆಂಕಿಗೂ ಇಲಿಗೂ ಅದು ಆಹ್ವಾನ.

ಹಂತ 9: ನೆಲ, ವೈರಿಂಗ್

ನೆಲದ ಹಲಗೆ ಚಾವಣಿ ಆದಮೇಲೆ. ಗೋಡೆಯ ಬುಡದಲ್ಲಿ ಸುತ್ತಲೂ ಅರ್ಧ ಇಂಚು ಬಿಡಿ, ಅದನ್ನು ಪಟ್ಟಿಯಿಂದ ಮುಚ್ಚಿ. ವೈರಿಂಗನ್ನು ಪರವಾನಗಿ ಇರುವವರಿಂದಲೇ ಮಾಡಿಸಿ: ಪೈಪಿನೊಳಗೆ, ಗೋಡೆಯ ಮೇಲ್ಮೈಯಲ್ಲಿ, ಅಲ್ಲಲ್ಲಿ ಬಳುಕುವ ತುಂಡು ಇಟ್ಟು. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಕಡಿತಗೊಳಿಸುವ ಸ್ವಿಚ್) ಮತ್ತು ಪ್ರತ್ಯೇಕ ಅರ್ಥಿಂಗ್ ಕಡ್ಡಾಯ. ಒಲೆ ಒಳಗೆ ಬೇಡ.

ಹಂತ 10: ಕಣ್ಣಿಡಬೇಕಾದ ಸೂಚನೆಗಳು

ಬಾಗಿಲ ಸಂದು ಒಂದು ಮೂಲೆಯಲ್ಲಿ ಅಗಲ, ಇನ್ನೊಂದರಲ್ಲಿ ಕಿರಿದಾದರೆ ಪಾಯ ಅಲುಗಿದೆ ಎಂದರ್ಥ. ನೀರಿನ ಪೈಪಿನಿಂದ ಮಟ್ಟ ನೋಡಿ, ಮೇಲಿನ ನಟ್ಟು ಸಡಿಲಿಸಿ, ಕೆಳಗಿನದನ್ನು ಕಾಲು ಸುತ್ತಿನಂತೆ ತಿರುಗಿಸುತ್ತ ಬನ್ನಿ. ಒಂದೇ ಕಂಬವನ್ನು ಒಮ್ಮೆಗೇ ಎತ್ತಬೇಡಿ, ಅಕ್ಕಪಕ್ಕದ ಕಂಬಗಳನ್ನೂ ಜೊತೆಗೇ ತನ್ನಿ. ಮೊದಲ ಎರಡು ವರ್ಷ ಸೆಪ್ಟೆಂಬರ್ ಕೊನೆಗೆ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ ಇದು ಬೇಕಾಗುತ್ತದೆ.

ಮೂಲೆಯ 12 ಮಿಮೀ ಸರಳುಗಳ ನಟ್ಟನ್ನು ಜೂನ್ ಮೊದಲ ಮಳೆಗೆ ಮುಂಚೆ ಸಡಿಲಿಸಿ, ಗೋಡೆ ಹಿಗ್ಗಿದಂತೆ ಅದು ತಾನೇ ಬಿಗಿಯಾಗುತ್ತದೆ. ಆಗಸ್ಟ್‌ನಲ್ಲಿ ಮುಟ್ಟಿ ನೋಡಿ, ತೀರಾ ಬಿಗಿದು ಪಟ್ಟಿ ಕಟ್ಟಿಗೆಗೆ ಕಚ್ಚುತ್ತಿದ್ದರೆ ಇನ್ನೂ ಸ್ವಲ್ಪ ಬಿಡಿ. ಫೆಬ್ರವರಿಯಲ್ಲಿ ಮತ್ತೆ ಬಿಗಿಯಿರಿ. ಬಿಗಿಯದೆ ಬಿಟ್ಟ ಕೋಣೆ ಮೇ ಗಾಳಿಗೆ ಕಿರುಗುಟ್ಟುತ್ತದೆ.

ಗೆದ್ದಲಿಗೆ ತಿಂಗಳಿಗೊಮ್ಮೆ ಟಾರ್ಚ್. ಟೋಪಿಯ ಅಂಚಿನಲ್ಲಿ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಕಂಡರೆ ತಕ್ಷಣ ಅಳಿಸಿಬಿಡಬೇಡಿ. ಒಂದು ಇಂಚಷ್ಟೇ ಒಡೆದು ಎರಡು ದಿನ ಬಿಟ್ಟು ನೋಡಿ. ಮತ್ತೆ ಕಟ್ಟಿದ್ದರೆ ಗೂಡು ಜೀವಂತವಾಗಿದೆ, ಆ ಕಂಬದ ಸುತ್ತ ಮಣ್ಣಿಗೆ ಔಷಧಿ ಹಾಕಬೇಕು. ಮಾನ್ವಿ ಕಡೆಯ ಒಂದು ತೋಟದಲ್ಲಿ ಗೋಡೆ ಹೊರಗಿನಿಂದ ಹೊಸದರಂತಿತ್ತು. ಕೆಳಗಿನ ಹಲಗೆಗೆ ಬೆರಳ ಗೆಣ್ಣಿನಿಂದ ತಟ್ಟಿದೆ, ಮಡಕೆ ತಟ್ಟಿದ ಸದ್ದು ಬಂತು. ಸ್ಕ್ರೂಡ್ರೈವರ್ ಊರಿದರೆ ಹಿಡಿಯ ತನಕ ಇಳಿಯಿತು, ಒಳಗೆ ಬಣ್ಣದ ಪದರದ ಹಿಂದೆ ಬರೀ ಮಣ್ಣು. ಅಲ್ಲಿ ಗಿಡಕ್ಕೆ ನೀರು ಹಾಯಲೆಂದು ಗೋಡೆಗೇ ಒತ್ತಿ ಮಣ್ಣು ಏರಿಸಿದ್ದರು. ಹೂವಿನ ಮಡಿ ಮಾಡುವುದಾದರೆ ಫರ್ಸಿಯಿಂದ ಆಚೆಗೆ ಮಾಡಿ.

ಬೇಸಿಗೆಯಲ್ಲಿ ಹಲಗೆ ನಡುವೆ ಸಣ್ಣ ಸಂದು ಕಂಡರೆ ಪುಟ್ಟಿ ತುಂಬಬೇಡಿ, ಮಳೆಗಾಲದಲ್ಲಿ ಹಲಗೆ ಹಿಗ್ಗಲು ಜಾಗ ಇಲ್ಲದಂತಾಗುತ್ತದೆ. ಒಂದೇ ಹಲಗೆಯ ಮೈಯಲ್ಲಿ ಬಿದ್ದ ಬಿರುಕಿಗೆ ಮಾತ್ರ ತುಂಬಬಹುದು. ಕಿನ್ನಾಳದ ಚಿತ್ರಗಾರರು ಗೊಂಬೆಗೆ ಬಳಸುವಂತೆ ಹುಣಸೆ ಬೀಜದ ಅಂಟಿಗೆ ಕಟ್ಟಿಗೆ ಹೊಟ್ಟು ಕಲಸಿ ತುಂಬಿದರೆ ಒಳಗೋಡೆಗೆ ಚೆನ್ನಾಗಿ ಹಿಡಿಯುತ್ತದೆ. ಹೊರಗೋಡೆಗೆ ಅದು ಬೇಡ, ನೀರಿಗೆ ಕರಗುತ್ತದೆ.

ಇನ್ನು ಜುಲೈನಲ್ಲಿ ಬಾಗಿಲು ಹಿಡಿಯುವ ಮಾತು. ಇದು ಈ ಕೋಣೆಗೆ ಮಾತ್ರವಲ್ಲ, ನಿಮ್ಮ ಮನೆಯ ಹಳೆಯ ಕಟ್ಟಿಗೆ ಬಾಗಿಲಿಗೂ ಅನ್ವಯ. ಹಿಡಿದ ದಿನವೇ ರಂದ ಹೊಡೆಯಬೇಡಿ. ತಿಕ್ಕುವ ಕಡೆ ಸೀಮೆಸುಣ್ಣ ಉಜ್ಜಿ ಬಾಗಿಲು ಮುಚ್ಚಿ ತೆರೆಯಿರಿ, ಸುಣ್ಣ ಅಳಿಸಿದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಸದ್ಯಕ್ಕೆ ಮೇಣ ತಿಕ್ಕಿ. ದೀಪಾವಳಿ ಕಳೆದು ಕಟ್ಟಿಗೆ ಒಣಗಿದ ಮೇಲೆ ಮತ್ತೆ ನೋಡಿ. ಆಗಲೂ ತಿಕ್ಕುತ್ತಿದ್ದರೆ ಗುರುತಿನ ಜಾಗವನ್ನಷ್ಟೇ ಒಂದು ಮಿಮೀ ತೆಗೆದು, ತೆಗೆದ ಕಡೆಗೆ ಅದೇ ದಿನ ಎಣ್ಣೆ ಹಚ್ಚಿ.